ಕ್ವಾಂಟಮ್ ದ್ರವ್ಯ: ದಾವಣಗೆರೆ, ಚಿತ್ರದುರ್ಗದ ಕಡೆ ನನಗೆ ಪದೇ ಪದೇ ಬರುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಶನಿವಾರ ಮಧ್ಯಾಹ್ನ ಬಿಡುವಾದರೆ ಜಗಳೂರು, ಹಿರಿಯೂರು, ಚಿತ್ರದುರ್ಗದ ಕಡೆಯ ಶಾಲೆಗಳಿಗೂ ಹೋಗಿ ಮಾತಾಡುತ್ತೇನೆ. ಎಲ್ಲಿ ಹೋದರೂ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮಕ್ಕಳು ಕೇಳಿದ್ದೂ ಇದೆ, ಅವರ ಅಪ್ಪ ಅಮ್ಮಂದಿರು ಕೇಳಿದ್ದೂ ಇದೆ.

ಕ್ವಾಂಟಮ್ ದ್ರವ್ಯ ಅಂದರೆ ಏನು ಮೇಡಂ?

ನಮ್ಮೂರಿನ ಮಂಡಕ್ಕಿ ಭಟ್ಟಿಯಿಂದಲೇ ಶುರು ಮಾಡೋಣ. ಕಾದ ಮರಳಿಗೆ ಅಕ್ಕಿ ಬೀಳುತ್ತದೆ. ಚಟಪಟ ಅಂತ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅಲ್ಲಿ ಪ್ರತಿ ಕಾಳೂ ತನ್ನ ಪಾಡಿಗೆ ತಾನು ಅರಳುತ್ತದೆ. ಪಕ್ಕದ ಕಾಳು ಏನು ಮಾಡಿತು ಅನ್ನುವುದು ಅದಕ್ಕೆ ಬೇಕಿಲ್ಲ. ಸೇರುಗಟ್ಟಲೆ ಹಾಕಿದರೂ ಅಷ್ಟೇ, ಒಂದೇ ಕಾಳು ಹಾಕಿದರೂ ಅಷ್ಟೇ. ಒಂದು ಕಾಳಿನ ಕಥೆ ಗೊತ್ತಾದರೆ ಇಡೀ ಚೀಲದ ಕಥೆ ಗೊತ್ತಾದ ಹಾಗೆ.

ಈಗ ಫ್ರಿಜ್ಜಿನೊಳಗೆ ಇಟ್ಟ ನೀರನ್ನು ನೆನೆಸಿಕೊಳ್ಳಿ. ಸೊನ್ನೆ ಡಿಗ್ರಿಗೆ ಬಂದಾಗ ಐಸ್ ಆಗುತ್ತದೆ. ಆದರೆ ಒಂದೇ ಒಂದು ನೀರಿನ ಅಣುವನ್ನು ಹಿಡಿದು, ನೀನು ನೀರೋ ಐಸೋ ಅಂತ ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ. ಗಟ್ಟಿಯಾಗುವುದು ಗುಂಪಿನ ಗುಣ. ಬಿಡಿ ಅಣುವಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ.

ಹೀಗೆ ಗುಂಪು ಸೇರಿದಾಗ ಮಾತ್ರ ಹುಟ್ಟುವ ಗುಣಗಳಲ್ಲಿ ಕೆಲವಕ್ಕೆ ಕಾರಣ ಕ್ವಾಂಟಮ್ ನಿಯಮಗಳು, ಅಂದರೆ ಪರಮಾಣು, ಎಲೆಕ್ಟ್ರಾನ್‌ನಂಥ ಅತಿ ಸಣ್ಣ ಕಣಗಳು ಪಾಲಿಸುವ ನಿಯಮಗಳು. ಲೋಹದೊಳಗಿನ ಎಲೆಕ್ಟ್ರಾನ್‌ಗಳು, ಅತಿ ತಣ್ಣಗಿನ ಹೀಲಿಯಂ, ಲೇಸರ್‌ನಿಂದ ತಣ್ಣಗೆ ಮಾಡಿದ ಪರಮಾಣುಗಳು ಈ ಸಾಲಿಗೆ ಸೇರುತ್ತವೆ. ಇವನ್ನೇ ಕ್ವಾಂಟಮ್ ದ್ರವ್ಯ ಅನ್ನುತ್ತಾರೆ.

ಒಂದು ಎಲೆಕ್ಟ್ರಾನ್ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಿದೆಯಲ್ಲ. ಉಳಿದದ್ದು ಲೆಕ್ಕ ಅಷ್ಟೇ ಅಲ್ವಾ? ಕಂಪ್ಯೂಟರಿಗೆ ಹಾಕಿದರೆ ಆಯಿತಲ್ಲ?

ನಾನೂ ಓದುವ ದಿನಗಳಲ್ಲಿ ಹಾಗೇ ಅಂದುಕೊಂಡಿದ್ದೆ. ಒಂದು ಘನ ಸೆಂಟಿಮೀಟರ್ ತಾಮ್ರ ಅಂದರೆ ಒಂದು ದಪ್ಪ ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳ ಸಂಖ್ಯೆ ಬರೆಯಲು 85ರ ಮುಂದೆ 21 ಸೊನ್ನೆ ಹಾಕಬೇಕು. ಆದರೆ ನಿಜವಾದ ತೊಡಕು ಇರುವುದು ಈ ಎಣಿಕೆಯಲ್ಲಲ್ಲ.

ಪ್ರತಿ ಕಣಕ್ಕೂ ಮೇಲೆ, ಕೆಳಗೆ ಅಂತ ಎರಡೇ ದಿಕ್ಕು ಇದೆ ಅಂದುಕೊಳ್ಳಿ. ಕ್ವಾಂಟಮ್ ಲೆಕ್ಕದಲ್ಲಿ ಎಲ್ಲ ಕಣಗಳ ಎಲ್ಲ ಜೋಡಣೆಗಳನ್ನೂ ಒಟ್ಟಿಗೆ ಹಿಡಿಯಬೇಕು. 10 ಕಣಕ್ಕೆ 1,024 ಜೋಡಣೆ. 20 ಕಣಕ್ಕೆ 10 ಲಕ್ಷ ದಾಟುತ್ತದೆ. 40 ಕಣಕ್ಕೆ ಒಂದು ಲಕ್ಷ ಕೋಟಿ ದಾಟುತ್ತದೆ. 300 ಕಣಕ್ಕೆ ಬರುವ ಸಂಖ್ಯೆ, ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಗಿಂತ ದೊಡ್ಡದು. ಬರೀ 300 ಕಣಕ್ಕೇ ಹೀಗಾದರೆ ತಾಮ್ರದ ಚೂರಿನ ಗತಿಯೇನು?

ಆದ್ದರಿಂದ ಕಣ ಕಣ ಹಿಡಿದು ಲೆಕ್ಕ ಹಾಕುವ ದಾರಿ ಮುಚ್ಚಿದೆ. ಗುಂಪಿಗೆ ಅಂತಲೇ ಇರುವ ನಿಯಮಗಳನ್ನು ಹುಡುಕಬೇಕು. 1972ರಲ್ಲಿ ಅಮೆರಿಕದ ಫಿಲಿಪ್ ಆ್ಯಂಡರ್ಸನ್ ಈ ಮಾತನ್ನು ಒಂದು ಚಿಕ್ಕ ಲೇಖನದಲ್ಲಿ ಗಟ್ಟಿಯಾಗಿ ಹೇಳಿದರು. ಸಂಖ್ಯೆ ಜಾಸ್ತಿಯಾದಾಗ ಗುಣವೇ ಬೇರೆಯಾಗುತ್ತದೆ, ಪ್ರತಿ ಮೆಟ್ಟಿಲಿಗೂ ಹೊಸ ನಿಯಮ ಬೇಕು, ಮೇಲಿನ ಮೆಟ್ಟಿಲಿನ ನಿಯಮ ಕೆಳಗಿನದಕ್ಕಿಂತ ಕೀಳಲ್ಲ ಅಂತ. ಐದು ವರ್ಷದ ನಂತರ ಅವರಿಗೆ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ನನಗೆ ಮಾತ್ರ ಆ ಲೇಖನವೇ ದೊಡ್ಡದು.

ಕ್ವಾಂಟಮ್ ಅಂದರೆ ಕಣ್ಣಿಗೆ ಕಾಣದ ಸಣ್ಣ ಲೋಕ ಅಲ್ವಾ? ನಮ್ಮ ಮನೆಯಲ್ಲಿ ಅದರಿಂದ ಆದ ವಸ್ತು ಏನಾದರೂ ಇದೆಯಾ?

ಫ್ರಿಜ್ಜಿನ ಬಾಗಿಲು. ಅದು ಗಟ್ಟಿಯಾಗಿ ಮುಚ್ಚಿಕೊಳ್ಳುವುದು ಅಂಚಿನ ರಬ್ಬರಿನೊಳಗಿರುವ ಅಯಸ್ಕಾಂತದಿಂದ. ಕ್ವಾಂಟಮ್ ನಿಯಮ ಬಿಟ್ಟು ಹಳೆಯ ನ್ಯೂಟನ್ ಕಾಲದ ನಿಯಮಗಳಿಂದ ಲೆಕ್ಕ ಹಾಕಿದರೆ, ಯಾವ ವಸ್ತುವೂ ಅಯಸ್ಕಾಂತ ಆಗಲು ಸಾಧ್ಯವೇ ಇಲ್ಲ ಅಂತ ಉತ್ತರ ಬರುತ್ತದೆ. ವಿಜ್ಞಾನಿಗಳಾದ ನೀಲ್ಸ್ ಬೋರ್ 1911ರಲ್ಲಿ, ವಾನ್ ಲೇವೆನ್ 1919ರಲ್ಲಿ ಇದನ್ನು ಬೇರೆ ಬೇರೆಯಾಗಿ ತೋರಿಸಿದರು. ಒಂದೊಂದು ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಕಬ್ಬಿಣದಲ್ಲಿ ಕೋಟಿ ಕೋಟಿ ಎಲೆಕ್ಟ್ರಾನ್‌ಗಳು ಒಂದನ್ನೊಂದು ನೋಡಿಕೊಂಡು ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆ ಒಗ್ಗಟ್ಟು ಮುರಿಯುತ್ತದೆ.

ಇನ್ನೊಂದು ಉದಾಹರಣೆ ಆಸ್ಪತ್ರೆಯ ಎಂಆರ್‌ಐ ಯಂತ್ರ. ಅದರ ಕಥೆ ಮುಂದೆ ಬರುತ್ತದೆ.

ಎಲ್ಲ ಕಣಗಳೂ ಒಂದೇ ರೀತಿ ಗುಂಪು ಸೇರುತ್ತವಾ?

ಇಲ್ಲ. ಎರಡು ಜಾತಿ ಇದೆ. ದುರ್ಗದ ಕೋಟೆಯ ಓಬವ್ವನ ಕಿಂಡಿ ನೋಡಿದ್ದೀರಲ್ಲ? ಒಂದು ಸಲಕ್ಕೆ ಒಬ್ಬರೇ ತೂರಬೇಕು. ಎಲೆಕ್ಟ್ರಾನ್‌ಗಳದ್ದು ಆ ರೀತಿ. ಒಂದು ಕ್ವಾಂಟಮ್ ಸ್ಥಾನದಲ್ಲಿ ಒಂದೇ ಎಲೆಕ್ಟ್ರಾನ್. ಅದು ಭರ್ತಿಯಾದರೆ ಮುಂದಿನದು ಅದಕ್ಕಿಂತ ಮೇಲಿನ ಸ್ಥಾನಕ್ಕೆ ಹೋಗಬೇಕು. ಇಂಥವು ಫರ್ಮಿಯಾನ್. ಹೀಗೆ ಒಂದರ ಮೇಲೊಂದು ಏರುತ್ತಾ ಹೋಗುವುದರಿಂದ, ತಾಮ್ರವನ್ನು ಎಷ್ಟೇ ತಣ್ಣಗೆ ಮಾಡಿದರೂ ಅದರೊಳಗೆ ಮೇಲಿನ ಸ್ಥಾನದ ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇರುತ್ತವೆ.

ಇನ್ನೊಂದು ಜಾತಿಗೆ ನಮ್ಮ ದೇಶದವರ ಹೆಸರೇ ಇದೆ, ಬೋಸಾನ್. ಒಂದೇ ಸ್ಥಾನದಲ್ಲಿ ಎಷ್ಟು ಬೇಕಾದರೂ ಸೇರಬಹುದು. 1924ರಲ್ಲಿ ಢಾಕಾದಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸುವ ಹೊಸ ರೀತಿ ಕಂಡುಹಿಡಿದು ಐನ್‌ಸ್ಟೈನ್‌ಗೆ ಕಳಿಸಿದರು. ಎರಡು ಮಂಡಕ್ಕಿ ಕಾಳಲ್ಲಿ ಒಂದಕ್ಕೆ ಅರಿಶಿನ ಹಚ್ಚಿ ಗುರುತು ಮಾಡಬಹುದು. ಎರಡು ಬೆಳಕಿನ ಕಣಗಳನ್ನು ಹಾಗೆ ಗುರುತು ಮಾಡಲು ಆಗುವುದಿಲ್ಲ. ಅದಲು ಬದಲು ಮಾಡಿದರೆ ಹೊಸ ಜೋಡಣೆ ಅಂತ ಎಣಿಸಬಾರದು. ಇಷ್ಟೇ ವಿಚಾರ, ಆದರೆ ಅದರಿಂದ ಬಂದ ಫಲ ಎಷ್ಟು ದೊಡ್ಡದು ನೋಡಿ. ಐನ್‌ಸ್ಟೈನ್ ಅದನ್ನು ಪರಮಾಣುಗಳಿಗೂ ಹಚ್ಚಿದರು. ತುಂಬಾ ತಣ್ಣಗಾದರೆ ಅವು ಒಂದೇ ಸ್ಥಾನಕ್ಕೆ ಬಂದು ಸೇರಬೇಕು ಅಂದರು. ಅದನ್ನು ಮಾಡಿ ತೋರಿಸಲು 1995ರವರೆಗೆ ಕಾಯಬೇಕಾಯಿತು. ಅಮೆರಿಕದ ಬೋಲ್ಡರ್‌ನಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ರುಬಿಡಿಯಂ ಪರಮಾಣುಗಳನ್ನು ಪರಮ ಶೂನ್ಯಕ್ಕಿಂತ (ಮೈನಸ್ 273 ಡಿಗ್ರಿ, ಅದಕ್ಕಿಂತ ಚಳಿ ಇಲ್ಲ) ಒಂದು ಡಿಗ್ರಿಯ ಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಮೇಲಿರುವ ಚಳಿಗೆ ಇಳಿಸಿ ಅದನ್ನು ಕಂಡರು.

ಸೂಪರ್‌ಕಂಡಕ್ಟರ್ ಅಂದರೆ ಏನು? ಕಣ್ಣಾರೆ ನೋಡಿದ್ದೀರಾ?

ನೋಡಿದ್ದೇನೆ. ಅದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಮೊದಲು ವಿಷಯ. ಸಾಮಾನ್ಯ ತಂತಿಯಲ್ಲಿ ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ, ಶಕ್ತಿ ಪೋಲಾಗುತ್ತದೆ. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಆನ್ನೆಸ್ ಅವರ ಪ್ರಯೋಗಾಲಯದಲ್ಲಿ ಪಾದರಸವನ್ನು ತಣ್ಣಗೆ ಮಾಡುತ್ತಾ ಹೋದರು. ಮೈನಸ್ 269 ಡಿಗ್ರಿಯ ಹತ್ತಿರ ಬಂದಾಗ ಅದರ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ, ಸಟ್ಟನೆ ಇಲ್ಲವಾಯಿತು. ಕಡಿಮೆಯಾಗಿದ್ದಲ್ಲ, ಪೂರ್ತಿ ಹೋಯಿತು. ಕನ್ನಡದಲ್ಲಿ ಇಂಥ ವಸ್ತುವನ್ನು ಅತಿವಾಹಕ ಅನ್ನುತ್ತೇವೆ.

ನಾನು ನೋಡಿದ್ದು ಶಿಕ್ಷಕರ ತರಬೇತಿಯೊಂದರಲ್ಲಿ. ಮೇಜಿನ ಮೇಲೆ ಒಂದು ಥರ್ಮೋಕೋಲ್ ಬಟ್ಟಲು. ಅದರೊಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಬಿಲ್ಲೆ. ಸುಟ್ಟ ಹೆಂಚಿನ ಚೂರಿನ ಹಾಗೆ ಒರಟು, ನೋಡಲು ಏನೂ ವಿಶೇಷವಿಲ್ಲ. ಅದರ ಮೇಲೆ ದ್ರವ ನೈಟ್ರೋಜನ್ ಸುರಿದರು. ಪಶು ಆಸ್ಪತ್ರೆಯಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ವೀರ್ಯದ ನಳಿಕೆಗಳನ್ನು ಇಡುವ ಅಲ್ಯೂಮಿನಿಯಂ ಕ್ಯಾನ್ ಇರುತ್ತದಲ್ಲ, ಅದರಲ್ಲಿರುವುದೂ ಇದೇ ನೈಟ್ರೋಜನ್. ಮೈನಸ್ 196 ಡಿಗ್ರಿ. ಕಾದ ಹೆಂಚಿಗೆ ನೀರು ಬಿದ್ದ ಹಾಗೆ ಚುರ್ ಅಂತ ಕುದಿಯಿತು. ಬಿಳಿ ಹೊಗೆ ಮೇಜಿನಿಂದ ಕೆಳಗೆ ಇಳಿಯಿತು. ಒಂದು ನಿಮಿಷದಲ್ಲಿ ಸದ್ದು ನಿಂತಿತು, ಬಿಲ್ಲೆ ತಣ್ಣಗಾಗಿ ಅತಿವಾಹಕ ಆಯಿತು ಅಂತ ಅರ್ಥ. ಆಮೇಲೆ ಚಿಮಟದಲ್ಲಿ ಹಿಡಿದು ಒಂದು ಪುಟ್ಟ ಅಯಸ್ಕಾಂತವನ್ನು ಬಿಲ್ಲೆಯ ಮೇಲೆ ಬಿಟ್ಟರು. ಬೀಳಲಿಲ್ಲ. ಬೆರಳಿನ ದಪ್ಪಕ್ಕಿಂತ ಕಡಿಮೆ ಎತ್ತರದಲ್ಲಿ, ಗಾಳಿಯಲ್ಲಿ ನಿಂತಿತು. ನಾನು ಮೆಲ್ಲಗೆ ತಳ್ಳಿದೆ. ತಿರುಗುತ್ತಾ ಹೋಯಿತು, ಹೋಯಿತು, ಹೋಯಿತು. ಅಡಿಯಲ್ಲಿ ಕಾಗದ ತೂರಿಸಿ ನೋಡಿದೆ, ದಾರ ಗೀರ ಏನೂ ಇಲ್ಲ. ನೈಟ್ರೋಜನ್ ಆರಿ ಬಿಲ್ಲೆ ಬಿಸಿಯಾದಾಗ ಅಯಸ್ಕಾಂತ ಟಕ್ ಅಂತ ಕೆಳಗೆ ಕೂತಿತು.

ಹದಿನೈದು ವರ್ಷ ಬೋರ್ಡಿನ ಮೇಲೆ ಬರೆದಿದ್ದ ವಿಷಯ. ಆದರೂ ಆವತ್ತು ನನ್ನ ಕೈ ನಡುಗಿತು.

ರೋಧ ಪೂರ್ತಿ ಹೋಗುವುದು ಹೇಗೆ? ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುತ್ತವೆ ಅಂತ ಪಾಠದಲ್ಲಿದೆಯಲ್ಲ?

ದೂಡುತ್ತವೆ, ನಿಜ. ಆದರೆ ಲೋಹದೊಳಗೆ ಧನ ವಿದ್ಯುತ್ತಿನ ಅಯಾನ್‌ಗಳ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ) ಸಾಲೂ ಇದೆ. ಒಂದು ಎಲೆಕ್ಟ್ರಾನ್ ಹಾದುಹೋಗುವಾಗ ಅಕ್ಕಪಕ್ಕದ ಅಯಾನ್‌ಗಳನ್ನು ಸ್ವಲ್ಪ ತನ್ನ ಕಡೆ ಎಳೆಯುತ್ತದೆ. ಅಯಾನ್‌ಗಳು ಭಾರ, ಬೇಗ ಹಿಂದಕ್ಕೆ ಹೋಗಲಾರವು. ಎಲೆಕ್ಟ್ರಾನ್ ಮುಂದೆ ಹೋದ ಮೇಲೂ ಆ ಜಾಗದಲ್ಲಿ ಧನ ವಿದ್ಯುತ್ತು ಸ್ವಲ್ಪ ಜಾಸ್ತಿ ಉಳಿದಿರುತ್ತದೆ. ಅದು ಇನ್ನೊಂದು ಎಲೆಕ್ಟ್ರಾನನ್ನು ಎಳೆಯುತ್ತದೆ. ಹೀಗೆ ಜೋಡಿ ಆಗುತ್ತದೆ. ಜಾನ್ ಬಾರ್ಡೀನ್, ಲಿಯಾನ್ ಕೂಪರ್, ರಾಬರ್ಟ್ ಶ್ರೀಫರ್ 1957ರಲ್ಲಿ ಇದನ್ನು ಪೂರ್ತಿ ಲೆಕ್ಕ ಹಾಕಿ ತೋರಿಸಿದರು. 1911ರಿಂದ ಎಣಿಸಿದರೆ 46 ವರ್ಷ.

ಜೋಡಿ ಅಂದ ಕೂಡಲೇ ಮಕ್ಕಳು ನೊಗಕ್ಕೆ ಕಟ್ಟಿದ ಜೋಡೆತ್ತು ನೆನೆಸಿಕೊಳ್ಳುತ್ತಾರೆ. ಆ ಚಿತ್ರ ಬೇಡ. ಒಂದು ಜೋಡಿಯ ಎರಡು ಎಲೆಕ್ಟ್ರಾನ್‌ಗಳ ನಡುವೆ ಎಷ್ಟು ದೂರ ಇರುತ್ತದೆ ಅಂದರೆ, ಆ ಜಾಗದಲ್ಲೇ ಲಕ್ಷಾಂತರ ಬೇರೆ ಜೋಡಿಗಳೂ ಇರುತ್ತವೆ. ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮಿಣಿ ಹಿಡಿದು ಸಾವಿರಾರು ಜನ ಎಳೆಯುತ್ತಾರೆ. ಒಬ್ಬನ ಕಾಲಿಗೆ ಕಲ್ಲು ಎಡವಿದರೆ ತೇರು ನಿಲ್ಲುವುದಿಲ್ಲ. ಗುಂಪಿನ ಎಳೆತದಲ್ಲಿ ಅವನೂ ಮುಂದೆ ಹೋಗುತ್ತಾನೆ. ಒಂಟಿ ಎಲೆಕ್ಟ್ರಾನ್ ಎಡವಿದರೆ ದಿಕ್ಕು ತಪ್ಪುತ್ತದೆ, ಅದೇ ರೋಧ. ಒಟ್ಟಿಗೆ ಹೊರಟ ಜೋಡಿಗಳಲ್ಲಿ ಒಂದನ್ನು ಮಾತ್ರ ತಡೆಯಬೇಕಾದರೆ ಅದನ್ನು ಮುರಿಯುವಷ್ಟು ಶಕ್ತಿ ಬೇಕು. ಅಷ್ಟು ಚಳಿಯಲ್ಲಿ ಆ ಶಕ್ತಿ ಎಲ್ಲಿಂದಲೂ ಸಿಗುವುದಿಲ್ಲ.

ಹೋಲಿಕೆಗೆ ಒಂದು ಮಿತಿ ಇದೆ. ತೇರು ಎಳೆಯುವವರಿಗೆ ಒಬ್ಬೊಬ್ಬರಿಗೂ ಹೆಸರಿದೆ, ಊರಿದೆ. ಎಲೆಕ್ಟ್ರಾನ್‌ಗಳಿಗೆ ಗುರುತೇ ಇಲ್ಲ.

ಚಿತ್ರದುರ್ಗದ ಹತ್ತಿರ ಇಂಗಳದಾಳಿನಲ್ಲಿ ತಾಮ್ರ ತೆಗೆಯುತ್ತಿದ್ದರಲ್ಲ. ತಾಮ್ರ ಒಳ್ಳೆಯ ವಾಹಕ. ಹಾಗಾದರೆ ಅದು ಒಳ್ಳೆಯ ಅತಿವಾಹಕವೂ ಆಗಬೇಕಲ್ಲ?

ದುರ್ಗದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ನನಗೆ ತುಂಬಾ ಇಷ್ಟವಾದ ಪ್ರಶ್ನೆ.

ತಾಮ್ರ, ಬೆಳ್ಳಿ, ಚಿನ್ನ ಇವು ಎಷ್ಟು ತಣ್ಣಗೆ ಮಾಡಿದರೂ ಅತಿವಾಹಕ ಆಗಿದ್ದನ್ನು ಯಾರೂ ಕಂಡಿಲ್ಲ. ಅವುಗಳ ಮುಂದೆ ಸಾಧಾರಣ ವಾಹಕವಾದ ಸೀಸ ಮೈನಸ್ 266 ಡಿಗ್ರಿಯಲ್ಲೇ ಆಗುತ್ತದೆ. ಉಲ್ಟಾ ಅನಿಸುತ್ತದೆ ಅಲ್ವಾ? ಕಾರಣ ಸರಳ. ಅಯಾನ್‌ಗಳ ಅಲುಗಾಟವೇ ಸಾಮಾನ್ಯ ಬಿಸಿಯಲ್ಲಿ ಎಲೆಕ್ಟ್ರಾನ್‌ಗಳಿಗೆ ಅಡ್ಡಗಾಲು. ಅದೇ ಅಲುಗಾಟ ಚಳಿಯಲ್ಲಿ ಜೋಡಿ ಕಟ್ಟುವ ಅಂಟು. ತಾಮ್ರದಲ್ಲಿ ಎಲೆಕ್ಟ್ರಾನ್‌ಗಳಿಗೂ ಅಯಾನ್‌ಗಳಿಗೂ ಒಡನಾಟ ಕಡಿಮೆ. ಆದ್ದರಿಂದ ಅಡ್ಡಿಯೂ ಕಡಿಮೆ, ಅಂಟೂ ಕಡಿಮೆ.

ಅದೇ ತಾಮ್ರವನ್ನು ಆಮ್ಲಜನಕದ ಜೊತೆ ಸೇರಿಸಿ, ಬೇರಿಯಂ, ಇಟ್ರಿಯಂ ಹಾಕಿ ಭಟ್ಟಿಯಲ್ಲಿ ಸುಟ್ಟರೆ ನಾನು ನೋಡಿದ ಕಪ್ಪು ಬಿಲ್ಲೆ ಆಗುತ್ತದೆ. ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕ. 1986ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಡ್ನಾರ್ಟ್ಸ್ ಮತ್ತು ಮ್ಯೂಲರ್ ಈ ಬಗೆಯ ತಾಮ್ರದ ಆಕ್ಸೈಡ್‌ಗಳ ದಾರಿ ತೆರೆದರು. ಮರುವರ್ಷವೇ ಅವರಿಗೆ ನೊಬೆಲ್. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ಗುಂಪೂ ಆಗ ಈ ಓಟದಲ್ಲಿತ್ತು. ಇವುಗಳಲ್ಲಿ ಜೋಡಿ ಕಟ್ಟುವ ಅಂಟು ಯಾವುದು ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಇಲ್ಲ. ನಲವತ್ತು ವರ್ಷ ಆಗುತ್ತಾ ಬಂತು. ಈಗ ಎಂಟನೇ ಕ್ಲಾಸಿನಲ್ಲಿ ಕೂತಿರುವ ಯಾರಿಗೋ ಈ ಲೆಕ್ಕ ಕಾಯುತ್ತಿದೆ ಅಂತ ನಾನು ನಿಜವಾಗಿ ನಂಬಿದ್ದೇನೆ.

ಎಂಆರ್‌ಐ ಕೋಣೆಗೆ ಕಬ್ಬಿಣದ ವಸ್ತು ಯಾಕೆ ಬಿಡುವುದಿಲ್ಲ? ಸ್ಕ್ಯಾನ್ ನಡೆಯದೆ ಇದ್ದಾಗಲೂ?

ಅದರ ಅಯಸ್ಕಾಂತ ಯಾವಾಗಲೂ ಆನ್ ಇರುತ್ತದೆ. ನಯೋಬಿಯಂ ಟೈಟೇನಿಯಂ ತಂತಿಯ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟಿರುತ್ತಾರೆ. ಒಂದು ಸಲ ಕರೆಂಟ್ ತುಂಬಿದರೆ ರೋಧವಿಲ್ಲದ ಕಾರಣ ಅದು ಸುತ್ತುತ್ತಲೇ ಇರುತ್ತದೆ. ಊರಿನ ಕರೆಂಟ್ ಹೋದರೂ ಅಯಸ್ಕಾಂತ ಹೋಗುವುದಿಲ್ಲ. ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಭೂಮಿಯ ಅಯಸ್ಕಾಂತಕ್ಕಿಂತ 30 ಸಾವಿರ ಪಟ್ಟಿಗೂ ಜಾಸ್ತಿ. ಕಬ್ಬಿಣದ ಸಿಲಿಂಡರ್ ಒಳಗೆ ತಂದರೆ ಅದು ಗುಂಡಿನ ಹಾಗೆ ಹಾರುತ್ತದೆ. ಅಲ್ಲಿನ ಟೆಕ್ನಿಷಿಯನ್ ಉಡಿದಾರ, ಕಾಲುಂಗುರ, ಪಿನ್ನು ಎಲ್ಲ ತೆಗೆಸಿದರೆ ದಯವಿಟ್ಟು ಜಗಳ ಮಾಡಬೇಡಿ.

ಎಲೆಕ್ಟ್ರಾನನ್ನು ಒಡೆಯಲು ಆಗುವುದಿಲ್ಲ ಅನ್ನುತ್ತೀರಿ. ಮೂರನೇ ಒಂದು ಭಾಗದ ವಿದ್ಯುತ್ತಿನ ಕಣ ಸಿಕ್ಕಿದೆ ಅಂತಲೂ ಅನ್ನುತ್ತೀರಿ. ಯಾವುದು ಸರಿ?

ಎರಡೂ ಸರಿ. ಚನ್ನಗಿರಿಯ ಸೂಳೆಕೆರೆ ದಂಡೆಯಲ್ಲಿ ಕೂತು ಅಲೆ ನೋಡಿ. ಅಲೆ ನಿಮ್ಮ ಕಡೆ ಬರುತ್ತದೆ. ನೀರಿನ ಮೇಲಿನ ಎಲೆ ಇದ್ದಲ್ಲೇ ಏಳುತ್ತದೆ, ಇಳಿಯುತ್ತದೆ. ಬಂದದ್ದು ನೀರಲ್ಲ. ಆದರೂ ಅಲೆ ಸುಳ್ಳಲ್ಲ, ಅದಕ್ಕೆ ವೇಗವಿದೆ, ಬಲವಿದೆ. ಎಲೆಕ್ಟ್ರಾನ್‌ಗಳ ಗುಂಪಿನಲ್ಲೂ ಇಂಥ ಅಲೆಗಳು, ಗುಳಿಗಳು ಏಳುತ್ತವೆ. ಅವು ಕಣಗಳ ಹಾಗೆಯೇ ನಡೆದುಕೊಳ್ಳುತ್ತವೆ. 1982ರಲ್ಲಿ ಡೇನಿಯಲ್ ಸೂಯಿ ಮತ್ತು ಹೋರ್ಸ್ಟ್ ಸ್ಟೋರ್ಮರ್ ತೆಳುವಾದ ಪದರದಲ್ಲಿರುವ ಎಲೆಕ್ಟ್ರಾನ್‌ಗಳ ಮೇಲೆ ಜೋರಾದ ಅಯಸ್ಕಾಂತ ಹಿಡಿದಾಗ ಇದರ ಸುಳಿವು ಸಿಕ್ಕಿತು. ಮರುವರ್ಷ ರಾಬರ್ಟ್ ಲಾಫ್ಲಿನ್ ವಿವರಣೆ ಕೊಟ್ಟರು. ಎಲೆಕ್ಟ್ರಾನ್ ಒಡೆಯಲಿಲ್ಲ. ಗುಂಪಿನಲ್ಲಿ ಎದ್ದ ಅಲೆಗೆ ಮೂರನೇ ಒಂದು ಭಾಗದ ವಿದ್ಯುತ್ತು ಇತ್ತು.

ದಾವಣಗೆರೆಗೂ ಗ್ರಾಫೀನ್‌ಗೂ ಏನಾದರೂ ಸಂಬಂಧ?

ಹೆಸರಿನ ಸಂಬಂಧ ಅಷ್ಟೇ. ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಗ್ರಾಫೀನ್ ಬಂದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ, 2004ರಲ್ಲಿ. ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟ್ ಮೇಲೆ ಅಂಟು ಟೇಪ್ ಹಚ್ಚಿ ಎಳೆದು ಎಳೆದು ಒಂದೇ ಪರಮಾಣು ದಪ್ಪದ ಹಾಳೆ ತೆಗೆದರು, ಅದೇ ಗ್ರಾಫೀನ್. 2018ರಲ್ಲಿ ಅಂಥ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು 1.1 ಡಿಗ್ರಿ ಕೋನದಷ್ಟು ತಿರುಗಿಸಿ, ತುಂಬಾ ತಣ್ಣಗೆ ಮಾಡಿದಾಗ ಅದು ಅತಿವಾಹಕ ಆಯಿತು. ಹೊಸ ವಸ್ತು ಏನೂ ಸೇರಿಸಲಿಲ್ಲ.

ರೂಮಿನ ಬಿಸಿಯಲ್ಲೇ ಕೆಲಸ ಮಾಡುವ ಅತಿವಾಹಕ ಸಿಕ್ಕಿತು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜಾನಾ?

2023ರ ಜುಲೈನಲ್ಲಿ ಕೊರಿಯಾದ ಗುಂಪೊಂದು ಎಲ್‌ಕೆ-99 ಅನ್ನುವ ವಸ್ತುವಿನ ಬಗ್ಗೆ ಹಾಗೆ ಹೇಳಿತ್ತು. ಬೇರೆ ಬೇರೆ ದೇಶದವರು ಮಾಡಿ ನೋಡಿದರು. ಅತಿವಾಹಕ ಅಲ್ಲ ಅಂತ ಕೆಲವೇ ವಾರಗಳಲ್ಲಿ ಗೊತ್ತಾಯಿತು. ಲ್ಯಾಂಥನಮ್ ಮತ್ತು ಹೈಡ್ರೋಜನ್ ಸೇರಿದ ವಸ್ತು ಮೈನಸ್ 23 ಡಿಗ್ರಿಯ ಹತ್ತಿರ ಅತಿವಾಹಕ ಆಗಿದೆ. ಆದರೆ ಅದಕ್ಕೆ ನಮ್ಮ ಗಾಳಿಯ ಒತ್ತಡದ ಹದಿನೈದು ಲಕ್ಷ ಪಟ್ಟಿಗೂ ಜಾಸ್ತಿ ಒತ್ತಡ ಬೇಕು.

ಹಾಗಾದರೆ ಜೋಗಿಮಟ್ಟಿ ಕಡೆಯ ಗಾಳಿಯಂತ್ರದ ಕರೆಂಟು ಅತಿವಾಹಕ ತಂತಿಯಲ್ಲಿ ಬರುವುದು ಯಾವಾಗ?

ಬೇಗ ಬರುತ್ತದೆ ಅಂತ ನಾನು ಹೇಳಲಾರೆ. ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಿಂದ ಸುಮಾರು ಒಂದು ಕಿಲೋಮೀಟರ್ ಉದ್ದದ ಇಂಥ ಕೇಬಲ್ ಹಾಕಿ ನಡೆಸಿದರು. ಉದ್ದಕ್ಕೂ ದ್ರವ ನೈಟ್ರೋಜನ್ ಹರಿಸಿ ತಣ್ಣಗಿಡಬೇಕು. ಇಕ್ಕಟ್ಟಾದ ಪಟ್ಟಣದೊಳಗೆ ಅದು ಗಿಟ್ಟಬಹುದು. ಗುಡ್ಡದ ಮೇಲಿಂದ ಹತ್ತಾರು ಕಿಲೋಮೀಟರ್ ಎಳೆಯುವುದು ಬೇರೆ ಮಾತು.

ಕ್ವಾಂಟಮ್ ಲಾಕೆಟ್, ಕ್ವಾಂಟಮ್ ನೀರಿನ ಬಾಟಲಿ ಅಂತ ಮಾರುತ್ತಾರೆ. ತಗೊಳ್ಳಬಹುದಾ?

ಬೇಡ. ಅದಕ್ಕೂ ಈ ವಿಜ್ಞಾನಕ್ಕೂ ಸಂಬಂಧವಿಲ್ಲ. ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋಗಿ.

ನನ್ನ ಮಗಳು ಇದನ್ನೇ ಓದುತ್ತೇನೆ ಅನ್ನುತ್ತಾಳೆ. ದಾರಿ ಯಾವುದು? ಹೊಟ್ಟೆಪಾಡು?

ಪಿಯುನಲ್ಲಿ ಭೌತಶಾಸ್ತ್ರ, ಗಣಿತ ಗಟ್ಟಿಯಾಗಲಿ. ಆಮೇಲೆ ಬಿಎಸ್‌ಸಿ. ಕೊನೆಯ ವರ್ಷದಲ್ಲಿ ಜಾಮ್ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್‌ಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿವರೆಗೆ ಒಟ್ಟಿಗೆ ಓದುವ ಕೋರ್ಸ್, ಇವಕ್ಕೆ ದಾರಿಯಾಗುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿಗೂ ಸ್ವಲ್ಪ ಜಾಸ್ತಿ ಒಪ್ಪಿದೆ, ಅದರಲ್ಲಿ ಹೊಸ ವಸ್ತುಗಳ ಕೆಲಸಕ್ಕೂ ಜಾಗವಿದೆ. ದೂರ ಅಂತ ಹೆದರಬೇಡಿ. ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಬಡತನ ಅಡ್ಡ ಬಂದರೆ ಸ್ಕಾಲರ್‌ಶಿಪ್ ಬಗ್ಗೆ ಮೊದಲೇ ವಿಚಾರಿಸಿ. ಪಿಎಚ್‌ಡಿ ಹುಡುಗರಿಗೆ ತಿಂಗಳು ತಿಂಗಳು ಫೆಲೋಶಿಪ್ ಬರುತ್ತದೆ ಅನ್ನುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ.

ಮನೆಯಲ್ಲೇ ಮಾಡಿ ನೋಡುವಂಥದ್ದು ಏನಾದರೂ ಇದೆಯಾ?

ಇದೆ. ದೊಡ್ಡವರೊಬ್ಬರು ಜೊತೆಗಿರಲಿ. ಒಂದು ಹೊಲಿಗೆ ಸೂಜಿಯನ್ನು ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ನಲವತ್ತು ಸಲ ಉಜ್ಜಿ. ಅದು ಗುಂಡುಪಿನ್ನನ್ನು ಹಿಡಿಯುತ್ತದೆ. ಒಳಗಿನ ಎಲೆಕ್ಟ್ರಾನ್‌ಗಳ ಗುಂಪುಗಳು ಒಂದು ಕಡೆಗೆ ಮುಖ ಮಾಡಿವೆ. ಈಗ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಸೂಜಿ ಕೆಂಡದ ಹಾಗೆ ಕೆಂಪಾಗುವವರೆಗೆ ಕಾಯಿಸಿ. ಪೂರ್ತಿ ಆರಲು ಬಿಡಿ. ಪಿನ್ನಿನ ಹತ್ತಿರ ಹಿಡಿಯಿರಿ. ಹಿಡಿಯುವುದಿಲ್ಲ. ಸೂಜಿ ಅದೇ, ಕಬ್ಬಿಣ ಅದೇ. ಮತ್ತೆ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಕಾಯಿಸಿದಾಗ ಉಕ್ಕಿನ ಹದ ಹೋಗಿರುತ್ತದೆ, ಹಾಗಾಗಿ ಮೊದಲಿನಷ್ಟು ದಿನ ನಿಲ್ಲುವುದಿಲ್ಲ.